ಸರ್ಕಾರಿ ಜಾಲತಾಣಗಳ ಸುಗಮ್ಯತೆ: ಕನ್ನಡ ಲಿಪಿ, ತಂತ್ರಜ್ಞಾನ ಮತ್ತು ವಿಕಲಚೇತನರ ಹಕ್ಕು

ಪೀಠಿಕೆ

ಪ್ರಜಾಪ್ರಭುತ್ವದಲ್ಲಿ ಸರ್ಕಾರಿ ಕಚೇರಿಯ ಬಾಗಿಲು ಎಲ್ಲರಿಗೂ ತೆರೆದಿರಬೇಕೆಂಬುದು ಸರ್ವಸಮ್ಮತವಾದ ತತ್ತ್ವ. ಕಚೇರಿಯ ಮೆಟ್ಟಿಲುಗಳ ಪಕ್ಕದಲ್ಲಿ ಗಾಲಿಕುರ್ಚಿ ಏರಿ ಬರಲು ಇಳಿಜಾರು ದಾರಿ ಇರಬೇಕೆಂಬ ವಾದವನ್ನು ಇಂದು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ಕಳೆದ ಎರಡೂವರೆ ದಶಕಗಳಲ್ಲಿ ಆ ಬಾಗಿಲೇ ಬೇರೆಡೆಗೆ ಸ್ಥಳಾಂತರಗೊಂಡಿದೆ. ‘ಭೂಮಿ’ ಯೋಜನೆಯ ಮೂಲಕ ಕರ್ನಾಟಕದ ಪಹಣಿಗಳು ಗಣಕಕ್ಕೆ ಸೇರಿದವು. 2011ರ ‘ಸಕಾಲ’ ಅಧಿನಿಯಮವು ಸೇವೆಗಳಿಗೆ ಕಾಲಮಿತಿಯನ್ನು ಗೊತ್ತುಪಡಿಸಿತು. ಮುಂದೆ ‘ಸೇವಾ ಸಿಂಧು’ ಜಾಲತಾಣವು ಹತ್ತಾರು ಇಲಾಖೆಗಳ ಅರ್ಜಿಗಳನ್ನು ಒಂದೆಡೆ ತಂದಿತು. ವಿದ್ಯಾರ್ಥಿವೇತನ, ಮಾಸಾಶನ, ನೇಮಕಾತಿ ಪರೀಕ್ಷೆ, ಜಾತಿ ಮತ್ತು ಆದಾಯ ಪ್ರಮಾಣಪತ್ರ ಇವೆಲ್ಲವುಗಳ ಮೊದಲ ಹೆಜ್ಜೆ ಇಂದು ಗಣಕದ ಅಥವಾ ಮೊಬೈಲಿನ ಪರದೆಯ ಮೇಲೆಯೇ ಬೀಳಬೇಕಾಗಿದೆ. ವಿಕಲಚೇತನರು ತಮ್ಮ ವಿಶಿಷ್ಟ ಗುರುತಿನ ಚೀಟಿಗಾಗಿ ಸಲ್ಲಿಸುವ ಅರ್ಜಿಗೂ ಜಾಲತಾಣವೇ ದ್ವಾರ.

ಬಾಗಿಲು ಪರದೆಗೆ ಬಂದಾಗ ಮೆಟ್ಟಿಲುಗಳೂ ಅದರೊಡನೆ ಬಂದವು. ಕಲ್ಲಿನ ಮೆಟ್ಟಿಲು ಕಣ್ಣಿಗೆ ಕಾಣುತ್ತದೆ. ಪರದೆಯ ಮೆಟ್ಟಿಲು ಅದನ್ನು ಎಡವಿದವರಿಗಲ್ಲದೆ ಮಿಕ್ಕವರಿಗೆ ಕಾಣುವುದಿಲ್ಲ. 2011ರ ಜನಗಣತಿಯ ಪ್ರಕಾರ ಭಾರತದಲ್ಲಿ ಸುಮಾರು 2.68 ಕೋಟಿ, ಕರ್ನಾಟಕದಲ್ಲಿ ಸುಮಾರು 13.24 ಲಕ್ಷ ವಿಕಲಚೇತನರಿದ್ದರು. ಆ ಗಣತಿಯು ವೈಕಲ್ಯದ 8 ಬಗೆಗಳನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡಿತ್ತು. 2016ರ ಕಾಯಿದೆಯು 21 ಬಗೆಗಳನ್ನು ಗುರುತಿಸಿದೆ. ಇಷ್ಟು ಜನರಿಗೆ ಸರ್ಕಾರದ ಜಾಲತಾಣಗಳು ಎಷ್ಟರಮಟ್ಟಿಗೆ ಎಟುಕುತ್ತವೆ, ಎಟುಕದಿದ್ದರೆ ಕಾರಣವೇನು, ಕನ್ನಡದ ಸಂದರ್ಭದಲ್ಲಿ ಈ ಪ್ರಶ್ನೆಯ ವಿಶೇಷ ಸ್ವರೂಪವೇನು ಎಂಬುದನ್ನು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕಿವಿಯಿಂದ ಓದುವ ಬಗೆ

ದೃಷ್ಟಿಯಿಲ್ಲದವರು ಗಣಕವನ್ನು ಬಳಸುವ ಕ್ರಮವನ್ನು ತಿಳಿಯದೆ ಈ ಚರ್ಚೆ ಮುಂದುವರಿಯಲಾರದು. ಪರದೆಯ ಮೇಲಿನ ಪಠ್ಯವನ್ನು ಧ್ವನಿಯಾಗಿ ನುಡಿಯುವ ತಂತ್ರಾಂಶಕ್ಕೆ ‘ಪರದೆ ಓದುಗ’ ಎನ್ನಬಹುದು. 1989ರಲ್ಲಿ ಅಮೆರಿಕದ ಒಂದು ಸಂಸ್ಥೆ ಹೊರತಂದ ‘ಜಾಸ್’ ಈ ಬಗೆಯ ಪ್ರಸಿದ್ಧ ತಂತ್ರಾಂಶ. ಆದರೆ ಅದರ ಬೆಲೆ ಭಾರತದ ಸಾಮಾನ್ಯ ಬಳಕೆದಾರನ ಕೈಗೆಟುಕುವಂತಹದಾಗಿರಲಿಲ್ಲ. 2006ರಲ್ಲಿ ಆಸ್ಟ್ರೇಲಿಯದ ಮೈಕೆಲ್ ಕರ್ರನ್ ಅವರು ಆರಂಭಿಸಿ, ಜೇಮ್ಸ್ ಟೆ ಅವರೊಡಗೂಡಿ ಬೆಳೆಸಿದ ‘ಎನ್‌ವಿಡಿಎ’ ಉಚಿತವೂ ಮುಕ್ತವೂ ಆದ ತಂತ್ರಾಂಶವಾಗಿದ್ದು, ಇವರಿಬ್ಬರೂ ಸ್ವತಃ ದೃಷ್ಟಿಹೀನರೆಂಬುದು ಗಮನಾರ್ಹ. ಇದರೊಡನೆ ಬರುವ ‘ಇಸ್ಪೀಕ್’ ಎಂಬ ಧ್ವನಿ ಸಂಶ್ಲೇಷಕವು ಕನ್ನಡವನ್ನೂ ನುಡಿಯಬಲ್ಲದು. ಮೊಬೈಲ್ ದೂರವಾಣಿಗಳಲ್ಲಿ ‘ಟಾಕ್‌ಬ್ಯಾಕ್’, ‘ವಾಯ್ಸ್‌ಓವರ್’ ಎಂಬ ಓದುಗಗಳು ಅಂತರ್ಗತವಾಗಿಯೇ ಬರುತ್ತವೆ. ಇದೇ ಪಠ್ಯವನ್ನು ಬೆರಳಿಗೆ ಸ್ಪರ್ಶಿಸಲು ಬರುವಂತೆ ಚುಕ್ಕಿಗಳನ್ನು ಮೇಲೆಬ್ಬಿಸುವ ಬ್ರೈಲ್ ಪರದೆಗಳೂ ಇವೆ. 1951ರಲ್ಲಿ ರೂಪುಗೊಂಡ ಭಾರತಿ ಬ್ರೈಲ್ ಪದ್ಧತಿಯ ಅನುಸಾರ ಕನ್ನಡ ಅಕ್ಷರಗಳು ಅವುಗಳಲ್ಲಿ ಮೂಡುತ್ತವೆ.

ಕಣ್ಣುಳ್ಳವರು ಒಂದು ಪುಟವನ್ನು ಒಮ್ಮೆಗೇ ಕಾಣುತ್ತಾರೆ. ಕಿವಿಯಿಂದ ಓದುವವರಿಗೆ ಪುಟವು ಸಾಲುಸಾಲಾಗಿ, ಒಂದರ ನಂತರ ಒಂದಾಗಿ ತೆರೆದುಕೊಳ್ಳುತ್ತದೆ. ಆದುದರಿಂದ ಅವರಿಗೆ ಪುಟದ ರಚನೆಯೇ ಕೈಮರ. ಶೀರ್ಷಿಕೆಗಳನ್ನು ಶೀರ್ಷಿಕೆಗಳೆಂದೇ ಗುರುತಿಸಿದ್ದರೆ ಎನ್‌ವಿಡಿಎ ಬಳಕೆದಾರರು ‘ಎಚ್’ ಕೀಲಿಯನ್ನು ಒತ್ತುತ್ತ ಒಂದು ಶೀರ್ಷಿಕೆಯಿಂದ ಮತ್ತೊಂದಕ್ಕೆ ನೆಗೆಯಬಲ್ಲರು. ಅಕ್ಷರಗಳನ್ನು ಕೇವಲ ದಪ್ಪಗೊಳಿಸಿ, ಬಣ್ಣ ಬಳಿದು ಶೀರ್ಷಿಕೆಯಂತೆ ತೋರಿಸಿದ್ದರೆ ಕಣ್ಣಿಗೆ ಅದು ಶೀರ್ಷಿಕೆ, ಗಣಕಕ್ಕೆ ಮಾತ್ರ ಸಾಮಾನ್ಯ ಸಾಲು. ಅಂತಹ ಪುಟದಲ್ಲಿ ಬೇಕಾದ ಸುತ್ತೋಲೆಯನ್ನು ಹುಡುಕುವುದೆಂದರೆ ಪರಿವಿಡಿಯಿಲ್ಲದ ಗ್ರಂಥವನ್ನು ಮೊದಲಿನಿಂದ ಕೊನೆಯವರೆಗೆ ಓದಿದಂತೆ. ಚಿತ್ರಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಚಿತ್ರದ ಜೊತೆಗೆ ಅದನ್ನು ವಿವರಿಸುವ ಪರ್ಯಾಯ ಪಠ್ಯವನ್ನು ಬರೆದಿಡದಿದ್ದರೆ ಪರದೆ ಓದುಗವು ಕಡತದ ಅರ್ಥಹೀನ ಹೆಸರನ್ನು ನುಡಿಯುತ್ತದೆ, ಇಲ್ಲವೇ ಮೌನವಾಗುತ್ತದೆ.

ಲಿಪಿಸಂಕೇತದ ಸಮಸ್ಯೆ

ಇಲ್ಲಿಯವರೆಗೆ ಹೇಳಿದ್ದು ಎಲ್ಲ ಭಾಷೆಗಳಿಗೂ ಸಮಾನ. ಕನ್ನಡಕ್ಕೆ ಬಂದಾಗ ಇದಕ್ಕೂ ಮೂಲಭೂತವಾದ ತೊಡಕೊಂದು ಎದುರಾಗುತ್ತದೆ. ಗಣಕವು ಅಕ್ಷರಗಳನ್ನು ಅಂಕೆಗಳ ರೂಪದಲ್ಲಿ ಸಂಗ್ರಹಿಸುತ್ತದೆ. ಯಾವ ಅಂಕೆ ಯಾವ ಅಕ್ಷರವನ್ನು ಸೂಚಿಸುತ್ತದೆಂಬ ಒಪ್ಪಂದವೇ ಲಿಪಿಸಂಕೇತ. ಹಳೆಯ ಪದ್ಧತಿಯಲ್ಲಿ ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳಿಗೆ ಮೀಸಲಾದ ಸಂಕೇತಗಳ ಮೇಲೆಯೇ ಕನ್ನಡ ಅಕ್ಷರಗಳ ತುಣುಕುಗಳ ಚಿತ್ರಗಳನ್ನು ಕೂರಿಸಲಾಗುತ್ತಿತ್ತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶವು ಭಿನ್ನಭಿನ್ನ ಸಂಸ್ಥೆಗಳ ಹೊಂದಿಕೆಯಿಲ್ಲದ ಪದ್ಧತಿಗಳ ನಡುವೆ ಒಂದು ಶಿಷ್ಟತೆಯನ್ನು ತಂದು, ಸರ್ಕಾರಿ ಕಚೇರಿಗಳಲ್ಲಿ ಕನ್ನಡ ಬೇರೂರಲು ನೆರವಾದುದು ಚಾರಿತ್ರಿಕ ಸತ್ಯ. ಆದರೆ ಆ ಕಾಲದ ತಾಂತ್ರಿಕ ಮಿತಿಯೊಳಗೆ ಅದೂ ಅಕ್ಷರದ ರೂಪವನ್ನು ಉಳಿಸಿತೇ ಹೊರತು ಅಕ್ಷರದ ಗುರುತನ್ನಲ್ಲ.

ಒಂದು ಉದಾಹರಣೆ ಇದನ್ನು ಸ್ಪಷ್ಟಪಡಿಸುತ್ತದೆ. ‘ಕರ್ನಾಟಕ’ ಎಂಬ ಪದವನ್ನು ನುಡಿಯ ಹಳೆಯ ಸಂಕೇತದಲ್ಲಿ ಬೆರಳಚ್ಚು ಮಾಡಿದರೆ ಗಣಕದೊಳಗೆ ಉಳಿಯುವುದು ಇಂಗ್ಲಿಷಿನ ‘ಪಿ’, ಮೇಲೆ ಗೀಟುಳ್ಳ ‘ಎ’, ಬ್ರಿಟನ್ನಿನ ಪೌಂಡ್ ನಾಣ್ಯದ ಚಿಹ್ನೆ, ಮತ್ತೊಂದು ಗೀಟುಳ್ಳ ‘ಎ’, ಐಸ್‌ಲೆಂಡಿನ ಭಾಷೆಯಲ್ಲಿ ಬಳಕೆಯಾಗುವ ಒಂದು ಅಕ್ಷರ, ‘ಎಲ್’, ಮತ್ತೆ ‘ಪಿ’, ಮತ್ತೆ ಗೀಟುಳ್ಳ ‘ಎ’. ನುಡಿ ಅಕ್ಷರಶೈಲಿಯನ್ನು ತೊಡಿಸಿದಾಗ ಕಣ್ಣಿಗೆ ‘ಕರ್ನಾಟಕ’ ಎಂದೇ ಕಾಣುತ್ತದೆ. ಆದರೆ ಪರದೆ ಓದುಗವು ಅಕ್ಷರಶೈಲಿಯನ್ನು ನೋಡುವುದಿಲ್ಲ, ಒಳಗಿರುವುದನ್ನು ಓದುತ್ತದೆ. ದೃಷ್ಟಿಹೀನ ಓದುಗನ ಕಿವಿಗೆ ಬೀಳುವುದು ನಾಡಿನ ಹೆಸರಲ್ಲ, ‘ಪಿ’, ‘ಪೌಂಡ್’, ‘ಎಲ್’ಗಳ ಗೊಂದಲ.

ಯೂನಿಕೋಡ್ ಪದ್ಧತಿಯು ಈ ಸಮಸ್ಯೆಯನ್ನು ಬುಡದಿಂದಲೇ ಪರಿಹರಿಸುತ್ತದೆ. 1991ರಲ್ಲಿ ಪ್ರಕಟವಾದ ಅದರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಪ್ರತ್ಯೇಕ ಸ್ಥಾನ ದೊರೆತಿತ್ತು. ಇದರಲ್ಲಿ ‘ಕರ್ನಾಟಕ’ ಎಂಬುದು ಕ, ರ, ವಿರಾಮಚಿಹ್ನೆಯಾದ ಹಲಂತ, ನ, ದೀರ್ಘ ಆಕಾರದ ಚಿಹ್ನೆ, ಟ, ಕ ಎಂಬ 7 ಸಂಕೇತಗಳಾಗಿ ಸಂಗ್ರಹವಾಗುತ್ತದೆ. ಇಲ್ಲೊಂದು ಸೂಕ್ಷ್ಮವಿದೆ. ಬರವಣಿಗೆಯಲ್ಲಿ ಅರ್ಕಾವತ್ತು ‘ನಾ’ ಅಕ್ಷರದ ನಂತರ ಬರುತ್ತದೆ. ಉಚ್ಚಾರಣೆಯಲ್ಲಿ ರೇಫವು ಅದಕ್ಕೂ ಮೊದಲೇ ಕೇಳುತ್ತದೆ. ಹಳೆಯ ಸಂಕೇತವು ಬರವಣಿಗೆಯ ಕ್ರಮವನ್ನು ಅನುಸರಿಸಿದರೆ ಯೂನಿಕೋಡ್ ಉಚ್ಚಾರಣೆಯ ಕ್ರಮವನ್ನು ಅನುಸರಿಸುತ್ತದೆ. ಧ್ವನಿಯಾಗಿ ನುಡಿಯಬೇಕಾದ ಯಂತ್ರಕ್ಕೆ ಬೇಕಾದುದು ಈ ಎರಡನೆಯ ಕ್ರಮವೇ. ಸರಿಯಾದ ಲಿಪಿಸಂಕೇತವು ಅಕ್ಷರದ ಅಂದಕ್ಕೆ ಸಂಬಂಧಿಸಿದ ಸಂಗತಿಯಲ್ಲ, ನುಡಿಯ ಸತ್ವಕ್ಕೆ ಸಂಬಂಧಿಸಿದ ಸಂಗತಿ.

ಕರ್ನಾಟಕ ಸರ್ಕಾರವು ಮುಂದೆ ಯೂನಿಕೋಡನ್ನು ಶಿಷ್ಟತೆಯಾಗಿ ಅಂಗೀಕರಿಸಿತು; ನುಡಿ ತಂತ್ರಾಂಶದ ನಂತರದ ಆವೃತ್ತಿಗಳೂ ಯೂನಿಕೋಡಿನಲ್ಲಿ ಬರೆಯುವ ಅವಕಾಶವನ್ನು ಒದಗಿಸಿದವು. ಆದರೂ ಹಳೆಯ ಸಂಕೇತದಲ್ಲಿ ಸಿದ್ಧವಾದ ಆದೇಶ, ವರದಿ, ಪುಸ್ತಕಗಳ ರಾಶಿ ಪರಿವರ್ತನೆಗಾಗಿ ಕಾದಿದೆ.

ಚಿತ್ರವಾಗಿ ಉಳಿದ ಆದೇಶಗಳು

ಎರಡನೆಯ ತೊಡಕು ಕಚೇರಿಯ ಪದ್ಧತಿಯಿಂದ ಹುಟ್ಟಿದುದು. ಆದೇಶವೊಂದನ್ನು ಗಣಕದಲ್ಲಿಯೇ ಸಿದ್ಧಪಡಿಸಿ, ಕಾಗದದ ಮೇಲೆ ಮುದ್ರಿಸಿ, ಅಧಿಕಾರಿಯ ಸಹಿ ಹಾಗೂ ಮೊಹರು ಪಡೆದು, ಬಳಿಕ ಆ ಕಾಗದದ ಛಾಯಾಪ್ರತಿಯನ್ನು ಜಾಲತಾಣಕ್ಕೆ ಏರಿಸುವುದು ರೂಢಿ. ಹೀಗೆ ಏರಿಸಿದ ಪಿಡಿಎಫ್ ಕಡತದಲ್ಲಿ ಅಕ್ಷರಗಳಿರುವುದಿಲ್ಲ, ಅಕ್ಷರಗಳ ಚಿತ್ರವಿರುತ್ತದೆ. ಪರದೆ ಓದುಗಕ್ಕೆ ಅದು ಖಾಲಿ ಹಾಳೆ. ಹುಡುಕಾಟದ ಯಂತ್ರಕ್ಕೂ ಅದು ಖಾಲಿ ಹಾಳೆಯೇ. ಆದುದರಿಂದ ಕಣ್ಣುಳ್ಳ ನಾಗರಿಕನಿಗೂ ಆ ಆದೇಶ ಸುಲಭವಾಗಿ ಸಿಗುವುದಿಲ್ಲ. ಚಿತ್ರದಿಂದ ಅಕ್ಷರಗಳನ್ನು ಗುರುತಿಸುವ ತಂತ್ರಾಂಶಗಳು ಕನ್ನಡಕ್ಕೂ ಲಭ್ಯವಿವೆ. ಆದರೆ ಒತ್ತಕ್ಷರಗಳು, ಮಸುಕಾದ ಮುದ್ರಣ, ಓರೆಯಾದ ಹಾಳೆ, ಕೋಷ್ಟಕಗಳು ಎದುರಾದಾಗ ಅವು ತಪ್ಪುತ್ತವೆ. ಮಾಸಾಶನದ ಮೊತ್ತದಲ್ಲೋ ಅರ್ಜಿಯ ಕೊನೆಯ ದಿನಾಂಕದಲ್ಲೋ ಒಂದು ಅಂಕೆ ತಪ್ಪಾದರೂ ನಷ್ಟ ಓದುಗನದೇ. ಗಣಕದಲ್ಲಿ ಅದಾಗಲೇ ಅಕ್ಷರವಾಗಿದ್ದುದನ್ನು ಚಿತ್ರವಾಗಿಸಿ, ಆ ಚಿತ್ರದಿಂದ ಮತ್ತೆ ಅಕ್ಷರವನ್ನು ಹೆಕ್ಕುವ ಶ್ರಮವನ್ನು ಪ್ರಜೆಯ ಮೇಲೆ ಹೊರಿಸುವುದು ವಿಚಿತ್ರವಾದ ವಿಪರ್ಯಾಸ. ಅಂಕೀಯ ಸಹಿಗೆ 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯೇ ಕಾನೂನಿನ ಮಾನ್ಯತೆ ನೀಡಿದೆ. ಕಡತವನ್ನು ಅಕ್ಷರರೂಪದಲ್ಲಿಯೇ ಉಳಿಸಿ ಸಹಿ ಮಾಡಲು ಅಡ್ಡಿಯಾಗಿರುವುದು ತಂತ್ರಜ್ಞಾನವಲ್ಲ, ಅಭ್ಯಾಸ.

ಅರ್ಜಿ ನಮೂನೆಗಳು ಮತ್ತು ಸ್ವಾವಲಂಬನೆ

ಮಾಹಿತಿಯನ್ನು ಓದುವುದಕ್ಕಿಂತ ಅರ್ಜಿಯನ್ನು ತುಂಬುವುದು ಹೆಚ್ಚು ಕಠಿಣ. ನಮೂನೆಯ ಪ್ರತಿಯೊಂದು ಖಾಲಿ ಚೌಕಕ್ಕೂ ಅದರ ಹೆಸರು ಗಣಕಕ್ಕೆ ತಿಳಿಯುವಂತೆ ಜೋಡಣೆಯಾಗಿರಬೇಕು. ಇಲ್ಲದಿದ್ದರೆ ಪರದೆ ಓದುಗವು ಪ್ರತಿ ಚೌಕದಲ್ಲಿಯೂ ‘ಇಲ್ಲಿ ಬರೆಯಿರಿ’ ಎಂದಷ್ಟೇ ಸೂಚಿಸುತ್ತದೆ. ಅದು ತಂದೆಯ ಹೆಸರಿನ ಜಾಗವೋ ಬ್ಯಾಂಕ್ ಖಾತೆಯ ಸಂಖ್ಯೆಯ ಜಾಗವೋ ತಿಳಿಯುವುದಿಲ್ಲ. ತಪ್ಪಾದ ಚೌಕವನ್ನು ಕೆಂಪು ಬಣ್ಣದಿಂದ ಮಾತ್ರ ತೋರಿಸಿದರೆ ದೃಷ್ಟಿಹೀನರಿಗೂ ಕೆಂಪು ಹಸಿರುಗಳ ಭೇದ ಕಾಣದವರಿಗೂ ತಪ್ಪೆಲ್ಲಿದೆಯೆಂಬುದು ಅರಿವಾಗದು. ಯಂತ್ರಗಳನ್ನು ತಡೆಯಲೆಂದು ಒಡ್ಡುವ ವಕ್ರಾಕ್ಷರಗಳ ಚಿತ್ರಪರೀಕ್ಷೆಗೆ ಧ್ವನಿಯ ಪರ್ಯಾಯವಿಲ್ಲದಿದ್ದರೆ ಅದು ಯಂತ್ರವನ್ನಲ್ಲ, ಮನುಷ್ಯನನ್ನೇ ತಡೆಯುತ್ತದೆ. ಕೆಲವೇ ನಿಮಿಷಗಳಲ್ಲಿ ಪುಟ ಮುಚ್ಚಿಕೊಳ್ಳುವ ಏರ್ಪಾಡು ನಿಧಾನವಾಗಿ ಬೆರಳಾಡಿಸಬಲ್ಲವರ ಪಾಲಿಗೆ ಪ್ರತಿಬಾರಿಯೂ ಮೊದಲಿನಿಂದ ಆರಂಭಿಸುವ ಶಿಕ್ಷೆ.

ಇದರ ಪರಿಣಾಮವನ್ನು ಕೇವಲ ಅನನುಕೂಲವೆಂದು ಭಾವಿಸಲಾಗದು. ಅರ್ಜಿಯನ್ನು ತಾನೇ ತುಂಬಲಾರದವರು ನೆರೆಯವರನ್ನೋ ಸೈಬರ್ ಕೇಂದ್ರದವರನ್ನೋ ಆಶ್ರಯಿಸಬೇಕಾಗುತ್ತದೆ. ಆಗ ಆಧಾರ್ ಸಂಖ್ಯೆ, ಗುಪ್ತಪದ, ದೂರವಾಣಿಗೆ ಬಂದ ಒಂದಾವರ್ತಿ ಸಂಖ್ಯೆ, ಕಾಯಿಲೆಯ ವಿವರ, ಖಾತೆಯಲ್ಲಿರುವ ಹಣ ಎಲ್ಲವೂ ಅನ್ಯರ ಕೈಸೇರುತ್ತವೆ. ಮಧ್ಯವರ್ತಿಯನ್ನು ತೊಲಗಿಸುವುದು ವಿದ್ಯುನ್ಮಾನ ಆಡಳಿತದ ಘೋಷಿತ ಆಶಯ. ಸುಗಮ್ಯವಲ್ಲದ ಜಾಲತಾಣವು ವಿಕಲಚೇತನರ ಬದುಕಿಗೆ ಹೊಸ ಮಧ್ಯವರ್ತಿಯನ್ನೇ ತರುತ್ತದೆ.

ದೃಷ್ಟಿಯಾಚೆಗಿನ ಅಗತ್ಯಗಳು

ಸುಗಮ್ಯತೆಯೆಂದರೆ ದೃಷ್ಟಿಹೀನರ ಅನುಕೂಲವೆಂಬ ಗ್ರಹಿಕೆ ಅಪೂರ್ಣ. ಶ್ರವಣದೋಷವುಳ್ಳವರಿಗೆ ಮಂತ್ರಿಗಳ ಭಾಷಣದ, ಇಲಾಖೆಯ ಮಾರ್ಗದರ್ಶನದ ದೃಶ್ಯತುಣುಕುಗಳಲ್ಲಿ ಅಕ್ಷರರೂಪದ ಅಡಿಬರಹವಿರಬೇಕು. ಹುಟ್ಟಿನಿಂದ ಕಿವುಡರಾಗಿ ಸನ್ನೆಭಾಷೆಯನ್ನೇ ಮೊದಲ ಭಾಷೆಯಾಗಿ ಉಳ್ಳವರಿಗೆ ಬರಹದ ಕನ್ನಡವೇ ಎರಡನೆಯ ಭಾಷೆಯಾಗಿರುವುದರಿಂದ ಭಾರತೀಯ ಸನ್ನೆಭಾಷೆಯ ವಿವರಣೆ ಅಗತ್ಯ. ಕೈಗಳ ಚಲನೆಗೆ ಮಿತಿಯುಳ್ಳವರಿಗೆ ಮೌಸ್ ಇಲ್ಲದೆ ಕೇವಲ ಕೀಲಿಮಣೆಯಿಂದ ಇಡೀ ತಾಣವನ್ನು ಬಳಸಲು ಬರಬೇಕು. ಮಂದದೃಷ್ಟಿಯವರಿಗೆ ಅಕ್ಷರಕ್ಕೂ ಹಿನ್ನೆಲೆಗೂ ಸಾಕಷ್ಟು ವ್ಯತ್ಯಾಸವಿರಬೇಕು. ಅಂತರರಾಷ್ಟ್ರೀಯ ಮಾರ್ಗಸೂಚಿಯು ಸಾಮಾನ್ಯ ಗಾತ್ರದ ಅಕ್ಷರಗಳಿಗೆ ಈ ಪ್ರಮಾಣವನ್ನು ಕನಿಷ್ಠ 4.5ಕ್ಕೆ 1 ಎಂದು ನಿಗದಿಪಡಿಸಿದೆ. ಅಪಸ್ಮಾರವುಳ್ಳವರ ಹಿತದೃಷ್ಟಿಯಿಂದ ಒಂದು ಸೆಕೆಂಡಿಗೆ 3 ಬಾರಿಗಿಂತ ಹೆಚ್ಚು ಮಿನುಗುವ ದೃಶ್ಯಗಳನ್ನು ಅದು ನಿಷೇಧಿಸುತ್ತದೆ. ಬೌದ್ಧಿಕ ವೈಕಲ್ಯ ಹಾಗೂ ಕಲಿಕಾ ನ್ಯೂನತೆಯುಳ್ಳವರಿಗೆ ಸರಳ ಭಾಷೆಯೇ ಇಳಿಜಾರು ದಾರಿ. ಒಂದು ವಾಕ್ಯದಲ್ಲಿ ನಾಲ್ಕು ಉಪವಾಕ್ಯಗಳನ್ನು ಹೆಣೆಯುವ ಕಚೇರಿಯ ಕನ್ನಡವು ಅವರನ್ನು ಮಾತ್ರವಲ್ಲ, ಹೊಸದಾಗಿ ಓದು ಕಲಿತ ರೈತನನ್ನೂ ಹೊರಗಿಡುತ್ತದೆ.

ಮಾರ್ಗಸೂಚಿಗಳು ಮತ್ತು ಕಾನೂನು

ಈ ಅಗತ್ಯಗಳನ್ನೆಲ್ಲ ಕ್ರಮಬದ್ಧವಾಗಿ ಸಂಗ್ರಹಿಸಿದ ಕೀರ್ತಿ ವಿಶ್ವವ್ಯಾಪಿ ಜಾಲ ಒಕ್ಕೂಟಕ್ಕೆ ಸಲ್ಲಬೇಕು. ಅದರ ಮೊದಲ ಮಾರ್ಗಸೂಚಿ 1999ರಲ್ಲಿಯೂ ಎರಡನೆಯದು 2008ರಲ್ಲಿಯೂ ಪ್ರಕಟವಾದವು. 2018 ಮತ್ತು 2023ರಲ್ಲಿ ಅವು ವಿಸ್ತರಣೆಗೊಂಡವು. ಗ್ರಹಿಸಲು ಬರಬೇಕು, ಬಳಸಲು ಬರಬೇಕು, ಅರ್ಥವಾಗಬೇಕು, ಭಿನ್ನ ತಂತ್ರಾಂಶಗಳಲ್ಲಿ ಕೆಡದೆ ನಿಲ್ಲಬೇಕು ಎಂಬ 4 ತತ್ತ್ವಗಳು ಇವುಗಳ ಆಧಾರ. ಅಮೆರಿಕವು 1998ರ ತಿದ್ದುಪಡಿಯ ಮೂಲಕವೇ ತನ್ನ ಕೇಂದ್ರ ಸರ್ಕಾರದ ಮಾಹಿತಿ ತಂತ್ರಜ್ಞಾನವು ವಿಕಲಚೇತನರಿಗೆ ಸುಗಮ್ಯವಾಗಿರಬೇಕೆಂದು ವಿಧಿಸಿತ್ತು.

ಭಾರತದ 1995ರ ಕಾಯಿದೆಯು ರಸ್ತೆ, ಕಟ್ಟಡ, ಸಾರಿಗೆಗಳ ಬಗೆಗೆ ಮಾತನಾಡಿತೇ ಹೊರತು ಜಾಲತಾಣದ ಬಗೆಗಲ್ಲ. ಅಂದು ಅದು ನಿರೀಕ್ಷಿಸತಕ್ಕದ್ದೂ ಆಗಿರಲಿಲ್ಲ. 2005ರ ಮಾಹಿತಿ ಹಕ್ಕು ಕಾಯಿದೆಯ 4ನೆಯ ಪ್ರಕರಣವು ಮಾಹಿತಿಯನ್ನು ಸ್ವಯಂಪ್ರೇರಿತವಾಗಿ, ಸ್ಥಳೀಯ ಭಾಷೆಯನ್ನು ಗಮನದಲ್ಲಿಟ್ಟು ಪ್ರಕಟಿಸಬೇಕೆಂದಿತು; 7ನೆಯ ಪ್ರಕರಣವು ಇಂದ್ರಿಯ ವೈಕಲ್ಯವುಳ್ಳವರಿಗೆ ಮಾಹಿತಿ ಪಡೆಯಲು ನೆರವು ನೀಡಬೇಕೆಂದಿತು. ವಿಕಲಚೇತನರ ಹಕ್ಕುಗಳನ್ನು ಕುರಿತ ವಿಶ್ವಸಂಸ್ಥೆಯ 2006ರ ಒಡಂಬಡಿಕೆಯನ್ನು ಭಾರತವು 2007ರಲ್ಲಿ ಅನುಮೋದಿಸಿತು. 2009ರಲ್ಲಿ ಭಾರತ ಸರ್ಕಾರದ ಜಾಲತಾಣಗಳಿಗಾಗಿ ಮಾರ್ಗಸೂಚಿ ಸಿದ್ಧವಾಯಿತು. ಅದರ ಮೂರನೆಯ ಆವೃತ್ತಿ 2023ರಲ್ಲಿ ಬಂದಿತು. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯ 42ನೆಯ ಪ್ರಕರಣವು ಧ್ವನಿ, ಮುದ್ರಣ ಹಾಗೂ ವಿದ್ಯುನ್ಮಾನ ಮಾಧ್ಯಮಗಳ ಎಲ್ಲ ವಿಷಯವೂ ಸುಗಮ್ಯ ರೂಪದಲ್ಲಿರುವಂತೆ ನೋಡಿಕೊಳ್ಳುವ ಹೊಣೆಯನ್ನು ಸರ್ಕಾರದ ಮೇಲಿರಿಸಿತು.

ನಿಯಮಕ್ಕೂ ನಡವಳಿಕೆಗೂ ನಡುವಣ ಅಂತರ ಮಾತ್ರ ದೊಡ್ಡದಾಗಿಯೇ ಉಳಿಯಿತು. ಬೆಂಗಳೂರಿನ ಸೆಂಟರ್ ಫಾರ್ ಇಂಟರ್ನೆಟ್ ಅಂಡ್ ಸೊಸೈಟಿ 2012ರಲ್ಲಿ ಪ್ರಕಟಿಸಿದ ವರದಿಗಾಗಿ ಸುಮಾರು 7,800 ಸರ್ಕಾರಿ ತಾಣಗಳನ್ನು ಪರೀಕ್ಷಿಸಿದಾಗ ಅವುಗಳಲ್ಲಿ ಸುಮಾರು 2,000 ತಾಣಗಳು ತೆರೆದುಕೊಳ್ಳಲೇ ಇಲ್ಲ. ತೆರೆದುಕೊಂಡವುಗಳಲ್ಲಿ ಬಹುಪಾಲು ದೋಷಗಳಿಂದ ಕೂಡಿದ್ದವು. 2024ರ ನವೆಂಬರ್ 8ರಂದು ರಾಜೀವ್ ರತೂರಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಮಹತ್ವದ ತೀರ್ಪು ನೀಡಿತು. ಕಾಯಿದೆಯು ಸುಗಮ್ಯತೆಯನ್ನು ಕಡ್ಡಾಯಗೊಳಿಸಿದ್ದರೂ 2017ರ ನಿಯಮಾವಳಿಯ 15ನೆಯ ನಿಯಮವು ಅದನ್ನು ಕೇವಲ ಸಲಹೆಯ ಮಟ್ಟಕ್ಕೆ ಇಳಿಸಿದೆಯೆಂದು ಹೇಳಿ, ಕಡ್ಡಾಯ ಮಾನದಂಡಗಳನ್ನು 3 ತಿಂಗಳೊಳಗೆ ರೂಪಿಸುವಂತೆ ಕೇಂದ್ರಕ್ಕೆ ಸೂಚಿಸಿತು. 2025ರ ಏಪ್ರಿಲ್ 30ರಂದು ಅದೇ ನ್ಯಾಯಾಲಯವು ಮತ್ತೊಂದು ಪ್ರಕರಣವನ್ನು ಇತ್ಯರ್ಥಪಡಿಸಿತು. ಗುರುತಿನ ಪರಿಶೀಲನೆಗಾಗಿ ಛಾಯಾಗ್ರಾಹಕದ ಮುಂದೆ ಕಣ್ಣು ಮಿಟುಕಿಸಬೇಕೆಂಬ ನಿಬಂಧನೆಯು ಆಮ್ಲದಾಳಿಯಿಂದ ಕಣ್ಣಿಗೆ ಹಾನಿಯಾದವರನ್ನೂ ದೃಷ್ಟಿಹೀನರನ್ನೂ ಹೊರಗಿಡುತ್ತಿದೆಯೆಂಬುದು ಅಲ್ಲಿನ ಅಹವಾಲು. ಅಂಕೀಯ ಸೇವೆಗಳನ್ನು ಪಡೆಯುವ ಹಕ್ಕು ಸಂವಿಧಾನದ 21ನೆಯ ಅನುಚ್ಛೇದದ ಜೀವಿಸುವ ಹಕ್ಕಿನ ಅವಿಭಾಜ್ಯ ಅಂಗವೆಂದು ನ್ಯಾಯಾಲಯ ಸಾರಿ, 20 ನಿರ್ದೇಶನಗಳನ್ನು ನೀಡಿತು. ಇದರಿಂದಾಗಿ ಸುಗಮ್ಯತೆಯು ಅನುಕಂಪದ ವಿಷಯವಾಗಿ ಉಳಿಯದೆ ಹಕ್ಕಿನ ವಿಷಯವಾಯಿತು.

ಅಂತರಕ್ಕೆ ಕಾರಣಗಳು

ಸುಗಮ್ಯತೆಯನ್ನು ತಾಣ ಸಿದ್ಧವಾದ ಮೇಲೆ ಅಂಟಿಸುವ ಅಲಂಕಾರವೆಂದು ಭಾವಿಸುವುದು ಮೊದಲ ಕಾರಣ. ಪುಟದ ಮೂಲೆಯಲ್ಲಿ ಅಕ್ಷರವನ್ನು ಹಿರಿದುಕಿರಿದು ಮಾಡುವ, ಬಣ್ಣ ಬದಲಿಸುವ ಗುಂಡಿಗಳನ್ನಿರಿಸಿದರೆ ಕೆಲಸ ಮುಗಿಯಿತೆಂಬ ನಂಬಿಕೆ ವ್ಯಾಪಕವಾಗಿದೆ. ಆ ಸೌಲಭ್ಯ ಬಳಕೆದಾರರ ಗಣಕದಲ್ಲಿಯೇ ಇರುತ್ತದೆ. ಇಲ್ಲದಿರುವುದು ಪುಟದೊಳಗಿನ ಸರಿಯಾದ ರಚನೆ. ಎರಡನೆಯದಾಗಿ, ತಾಣವನ್ನು ಕಟ್ಟುವವರು ಗುತ್ತಿಗೆದಾರರು, ದಿನನಿತ್ಯ ಅದಕ್ಕೆ ಕಡತಗಳನ್ನು ಏರಿಸುವವರು ಕಚೇರಿಯ ಸಿಬ್ಬಂದಿ. ಕಟ್ಟುವಾಗ ನೆಟ್ಟಗಿದ್ದ ತಾಣವೂ ತರಬೇತಿಯಿಲ್ಲದ ಕೈಗಳಲ್ಲಿ ಕೆಲವೇ ತಿಂಗಳುಗಳಲ್ಲಿ ಛಾಯಾಪ್ರತಿಗಳ ಗೋದಾಮಾಗುತ್ತದೆ. ಮೂರನೆಯದಾಗಿ, ಇಂಗ್ಲಿಷ್ ಪುಟವನ್ನು ಪರೀಕ್ಷಿಸಿ ಕನ್ನಡದ ಪುಟವನ್ನು ಕೈಬಿಡುವುದುಂಟು. ಪುಟದ ಭಾಷೆ ಕನ್ನಡವೆಂದು ಒಳಸಂಕೇತದಲ್ಲಿ ಸೂಚಿಸದಿದ್ದರೆ ಪರದೆ ಓದುಗವು ಕನ್ನಡದ ಧ್ವನಿಗೆ ಹೊರಳದೆ ಇಂಗ್ಲಿಷಿನ ಧ್ವನಿಯಲ್ಲಿಯೇ ತಡಬಡಾಯಿಸಬಹುದು. ಕೆಲವೇ ಅಕ್ಷರಗಳ ಈ ಸೂಚನೆಗೆ ವೆಚ್ಚವೇನೂ ಇಲ್ಲ. ಕೊನೆಯದಾಗಿ, ಯಂತ್ರದಿಂದ ನಡೆಸುವ ಪರೀಕ್ಷೆಯು ಪರ್ಯಾಯ ಪಠ್ಯ ಇದೆಯೇ ಎಂಬುದನ್ನು ಮಾತ್ರ ಹೇಳಬಲ್ಲದು, ಅದು ಅರ್ಥಪೂರ್ಣವೇ ಎಂಬುದನ್ನಲ್ಲ. ಆದುದರಿಂದ ತಾಣವನ್ನು ಒಪ್ಪಿಕೊಳ್ಳುವ ಮುನ್ನ ವಿಕಲಚೇತನ ಬಳಕೆದಾರರೇ ಅದನ್ನು ಪರೀಕ್ಷಿಸುವ ವ್ಯವಸ್ಥೆ ಗುತ್ತಿಗೆಯ ಷರತ್ತಿನಲ್ಲಿಯೇ ಸೇರಬೇಕು.

ಉಪಸಂಹಾರ

ಆಡಳಿತದಲ್ಲಿ ಕನ್ನಡ ಎಂಬುದು 1963ರ ರಾಜಭಾಷಾ ಅಧಿನಿಯಮದಿಂದೀಚೆಗೆ ಈ ನಾಡಿನ ನಿರಂತರ ಆಶಯ. ಆಡಳಿತದಲ್ಲಿ ಸುಗಮ್ಯತೆ ಎಂಬುದು ಬೇರೆಯೇ ಆದ, ಇನ್ನೊಂದು ಇಲಾಖೆಗೆ ಸೇರಿದ ವಿಷಯವೆಂದು ಇಲ್ಲಿಯವರೆಗೆ ಎಣಿಸಲಾಗಿದೆ. ಮೇಲಿನ ವಿವೇಚನೆಯಿಂದ ಇವೆರಡೂ ಒಂದೇ ಪ್ರಶ್ನೆಯ ಎರಡು ಮುಖಗಳೆಂಬುದು ಸ್ಪಷ್ಟವಾಗುತ್ತದೆ. ಯೂನಿಕೋಡಿನಲ್ಲಿ, ಸರಿಯಾದ ಶೀರ್ಷಿಕೆಗಳೊಡನೆ, ಅಕ್ಷರವಾಗಿಯೇ ಉಳಿದ ಕನ್ನಡವನ್ನು ಪರದೆ ಓದುಗ ನುಡಿಯಬಲ್ಲದು, ಬ್ರೈಲ್ ಪರದೆ ಚುಕ್ಕಿಯಾಗಿಸಬಲ್ಲದು, ಹುಡುಕಾಟದ ಯಂತ್ರ ಪತ್ತೆಹಚ್ಚಬಲ್ಲದು, ಅನುವಾದದ ಯಂತ್ರ ಬಳಸಬಲ್ಲದು. ವಿಕಲಚೇತನರಿಗಾಗಿ ಮಾಡಿದ ಕೆಲಸದಿಂದ ಕನ್ನಡವೇ ಬಾಳುತ್ತದೆ.

ಈ ಹೊಣೆ ಆಡಳಿತ ಇಲಾಖೆಗಳಿಗೆ ಸೀಮಿತವಲ್ಲ. ಸರ್ಕಾರದ ನೆರವಿನಿಂದ ನಡೆಯುವ ಅಕಾಡೆಮಿಗಳು, ಪ್ರಾಧಿಕಾರಗಳು, ವಿಶ್ವವಿದ್ಯಾಲಯಗಳ ಪ್ರಸಾರಾಂಗಗಳು ಹೊರತರುವ ಗ್ರಂಥಗಳೂ ಇದರ ವ್ಯಾಪ್ತಿಗೆ ಸೇರುತ್ತವೆ. 2012ರ ಕೃತಿಸ್ವಾಮ್ಯ ತಿದ್ದುಪಡಿಯು ಪುಸ್ತಕಗಳನ್ನು ಸುಗಮ್ಯ ರೂಪಕ್ಕೆ ಪರಿವರ್ತಿಸಲು ಅವಕಾಶ ನೀಡಿದೆ; 2013ರ ಮರಾಕೇಶ್ ಒಪ್ಪಂದವನ್ನು 2014ರಲ್ಲಿ ಎಲ್ಲರಿಗಿಂತ ಮೊದಲು ಅನುಮೋದಿಸಿದ ರಾಷ್ಟ್ರ ಭಾರತವೇ. ಕಾನೂನಿನ ಅಡ್ಡಿ ಇಲ್ಲದಿರುವಾಗ ಅಚ್ಚಿಗೆ ಹೋಗುವ ಪ್ರತಿ ಗ್ರಂಥದ ಯೂನಿಕೋಡ್ ಪಠ್ಯವನ್ನು ಜೊತೆಜೊತೆಗೇ ಕಾಪಿಡುವುದು ಕಷ್ಟದ ಕೆಲಸವಲ್ಲ. ಕಚೇರಿಯ ಮಟ್ಟದಲ್ಲಿಯೂ ಆರಂಭ ಸಣ್ಣದಾಗಿಯೇ ಇರಬಹುದು: ಮುಂದಿನ ಸುತ್ತೋಲೆಯನ್ನು ಛಾಯಾಪ್ರತಿಯಾಗಿ ಅಲ್ಲ, ಅಕ್ಷರವಾಗಿ ಜಾಲತಾಣಕ್ಕೆ ಏರಿಸುವುದು. ಅಂದು ಆ ಸುತ್ತೋಲೆಯನ್ನು ದೃಷ್ಟಿಯಿಲ್ಲದ ನಾಗರಿಕರೊಬ್ಬರು ಯಾರ ಹಂಗೂ ಇಲ್ಲದೆ ಕೊನೆಯ ದಿನಾಂಕಕ್ಕೆ ಮೊದಲೇ ಓದಿಕೊಳ್ಳುತ್ತಾರೆ.